ಮಾವ ಮರಳುವವರೆಗೆ: ಚೇರಮಾನ್ ಪೆರುಮಾಳನ ಕಥೆ

ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನಾವು ಕೊಚ್ಚಿಗೆ ವರ್ಗವಾಗಿ ಬಂದ ಮೊದಲ ವರ್ಷದ ಮಾತು. ಒಂದು ಭಾನುವಾರ ಕೊಡುಂಗಲ್ಲೂರನ್ನು ನೋಡಿಬಂದಿದ್ದೆವು. ಮರುದಿನ ಕಚೇರಿಯ ಕ್ಯಾಂಟೀನಿನಲ್ಲಿ ಊಟಕ್ಕೆ ಕುಳಿತಾಗ, ‘ನಿಮ್ಮ ಚೇರಮಾನ್ ಪೆರುಮಾಳ್ ರಾಜ್ಯ ಬಿಟ್ಟು ಕೊನೆಗೆ ಹೋದದ್ದಾದರೂ ಎಲ್ಲಿಗೆ?’ ಎಂದು ಸಹೋದ್ಯೋಗಿಗಳನ್ನು ಕೇಳಿದೆವು. ಮೇಜಿನ ಸುತ್ತ ಮೂವರಿದ್ದರು. ಮೆಕ್ಕಾಕ್ಕೆ ಎಂದು ಒಬ್ಬರು. ಕೈಲಾಸಕ್ಕೆ ಎಂದು ಇನ್ನೊಬ್ಬರು. ಮೂರನೆಯವರು ಮೀನಿನ ಸಾರನ್ನು ಅನ್ನಕ್ಕೆ ಕಲಸಿಕೊಳ್ಳುತ್ತ, ‘ಹೋಗಲು ಅಂಥವನೊಬ್ಬ ಇದ್ದನೆಂದು ಯಾರು ಹೇಳಿದರು?’ ಎಂದು ನಕ್ಕರು. ಆಶ್ಚರ್ಯವೆಂದರೆ, ಆ ಮೂವರೂ ಒಬ್ಬರ ಮಾತನ್ನು ಮತ್ತೊಬ್ಬರು ತಿದ್ದಲು ಹೋಗಲಿಲ್ಲ. ಊಟ ಮುಂದುವರಿಯಿತು.

ಅಂದಿನಿಂದ ಈ ದೊರೆ ನಮ್ಮನ್ನು ಬಿಟ್ಟಿಲ್ಲ. ಆಮೇಲೆ ತಿರುವನಂತಪುರಕ್ಕೆ ವರ್ಗವಾದಾಗ ಅಲ್ಲಿಯೂ ಅವನ ನೆರಳನ್ನು ಕಂಡೆವು. ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರು ತಾವಿರುವ ನೆಲದ ಕಥೆಗಳನ್ನು ತಿಳಿಯುವುದು ಒಂದು ಋಣಸಂದಾಯವೆಂದು ನಾವು ನಂಬಿದ್ದೇವೆ. ಈ ಕಥೆಗೆ ನಮ್ಮ ನಾಡಿನೊಡನೆಯೂ ನಂಟುಂಟು. ಅದೇನೆಂಬುದನ್ನು ಮುಂದೆ ನೋಡೋಣ.

ಮೊದಲು ಕಥೆ. ಅದು ವಿಸ್ತಾರವಾಗಿ ಬರುವುದು ‘ಕೇರಳೋತ್ಪತ್ತಿ’ ಎಂಬ ಮಲಯಾಳಂ ಗದ್ಯಗ್ರಂಥದಲ್ಲಿ. ಪರಶುರಾಮನು ಗೋಕರ್ಣದಿಂದ ಕನ್ಯಾಕುಮಾರಿಯವರೆಗಿನ ನೆಲವನ್ನು ಸಮುದ್ರದಿಂದ ಪಡೆದು ಬ್ರಾಹ್ಮಣರಿಗೆ ದಾನವಿತ್ತು 64 ಗ್ರಾಮಗಳನ್ನು ನೆಲೆಗೊಳಿಸಿದನು. ಬ್ರಾಹ್ಮಣರು ತಮ್ಮೊಳಗೆ ಒಮ್ಮತದಿಂದ ಆಳಿಕೊಳ್ಳಲಾರದೆ ಹೊರನಾಡಿನಿಂದ ಅರಸರನ್ನು ಕರೆತಂದರು. ಒಬ್ಬೊಬ್ಬನಿಗೆ 12 ವರ್ಷಗಳ ಅವಧಿ. ಅವಧಿ ಮುಗಿದೊಡನೆ ಅವನು ಹೊರಡತಕ್ಕದ್ದು, ಇನ್ನೊಬ್ಬನು ಬರತಕ್ಕದ್ದು. ಈ ಅರಸರೇ ಪೆರುಮಾಳರು. ಅವರಲ್ಲಿ ಕಡೆಯವನು ಚೇರಮಾನ್ ಪೆರುಮಾಳ್. ಅವನ ಆಳ್ವಿಕೆ ಜನರಿಗೆ ಎಷ್ಟು ಒಪ್ಪಿತೆಂದರೆ 12 ವರ್ಷವೆಂದು ಬಂದವನು 36 ವರ್ಷ ಉಳಿದನು. ವರ್ಗಾವಣೆಯ ನೌಕರಿಯಲ್ಲಿ ಕೂದಲು ನರೆಸಿಕೊಂಡ ನಮಗೆ ಈ ಭಾಗವನ್ನು ಓದುವಾಗ ತುಟಿಯಂಚಿನಲ್ಲಿ ನಗು ಮೂಡಿದ್ದು ನಿಜ. ಎರವಲು ಸೇವೆಯ ಮೇಲೆ ಬಂದ ಅಧಿಕಾರಿಯೊಬ್ಬನು ಮೂರು ಅವಧಿ ಕಳೆದರೂ ಮಾತೃಸಂಸ್ಥೆಗೆ ಮರಳದ ಪ್ರಕರಣವಿದು.

ಮುಂದಿನದು ನಗುವ ಮಾತಲ್ಲ. ರಾಣಿಯೊಬ್ಬಳು ಅರಸನ ನಿಷ್ಠಾವಂತ ಸೇವಕನಾದ ಪಡಮಲ ನಾಯರನ ಮೇಲೆ ಸುಳ್ಳು ಆಪಾದನೆ ಹೊರಿಸುತ್ತಾಳೆ. ಅರಸನು ವಿಚಾರಿಸದೆ ಅವನಿಗೆ ಮರಣದಂಡನೆ ವಿಧಿಸುತ್ತಾನೆ. ಸತ್ಯ ತಿಳಿದಾಗ ಪಶ್ಚಾತ್ತಾಪದಿಂದ ಬೇಯುತ್ತಾನೆ. ಈ ಪಾಪ ಕಳೆಯಬೇಕಾದರೆ ಮೆಕ್ಕಾಕ್ಕೆ ಹೋಗಬೇಕೆಂಬ ಮಾತು ಅವನ ಕಿವಿಗೆ ಬೀಳುತ್ತದೆ. ಅರಸನು ನಾಡನ್ನು ತನ್ನ ಬಂಧುಗಳಿಗೂ ಸಾಮಂತರಿಗೂ ಹಂಚುತ್ತಾನೆ: ಉತ್ತರವು ಕೋಲತ್ತಿರಿಗೆ, ದಕ್ಷಿಣವು ವೇಣಾಡಿನವರಿಗೆ, ಕೊಚ್ಚಿಯ ಮೂಲವಾದ ಪೆರುಂಪಡಪ್ಪು ಮನೆತನಕ್ಕೆ ಇನ್ನೊಂದು ಪಾಲು. ಎಲ್ಲವೂ ಹಂಚಿಹೋದ ಮೇಲೆ ತಡವಾಗಿ ಬಂದ ಸಾಮೂದಿರಿಯ ಪೂರ್ವಜನಿಗೆ ಉಳಿದದ್ದು ಒಂದು ತುಂಡು ನೆಲ ಮತ್ತು ಒಂದು ಖಡ್ಗ. ಸತ್ತಾದರೂ ಕೊಂದಾದರೂ ಗಳಿಸಿಕೊ ಎಂಬುದು ಅವನಿಗೆ ದೊರೆತ ಅಪ್ಪಣೆ. ಬಳಿಕ ಅರಸನು ಹಡಗು ಹತ್ತುತ್ತಾನೆ. ಅವನು ಮರಳಿ ಬರುವುದಿಲ್ಲ.

ಮುಸ್ಲಿಂ ಪರಂಪರೆಯಲ್ಲಿ ಹೊರಡುವ ಕಾರಣ ಬೇರೆ. ಸಿಂಹಳದ ಆದಮನ ಪಾದದ ಯಾತ್ರೆಗೆ ಹೊರಟಿದ್ದ ಫಕೀರರು ಕೊಡುಂಗಲ್ಲೂರಿಗೆ ಬರುತ್ತಾರೆ; ಅವರಿಂದ ಪ್ರವಾದಿಯ ವಿಷಯವನ್ನೂ ಚಂದ್ರನು ಇಬ್ಭಾಗವಾದ ಪವಾಡವನ್ನೂ ಕೇಳಿ ಅರಸನು ಅವರೊಡನೆ ಗುಟ್ಟಾಗಿ ಹೊರಡುತ್ತಾನೆ. ಅರಬ್ಬಿ ತೀರದಲ್ಲಿ ಸಾಯುವ ಮುನ್ನ ಮಲಬಾರಿನ ಅರಸರಿಗೆ ಓಲೆ ಬರೆದುಕೊಡುತ್ತಾನೆ. ಆ ಓಲೆಯನ್ನು ಹಿಡಿದು ಮಾಲಿಕ್ ದೀನಾರನೂ ಅವನ ಸಂಗಡಿಗರೂ ಬಂದು ತೀರದುದ್ದಕ್ಕೂ ಮಸೀದಿಗಳನ್ನು ಕಟ್ಟುತ್ತಾರೆ. ಕೊಡುಂಗಲ್ಲೂರು, ಕೊಲ್ಲಂಗಳಿಂದ ತೊಡಗುವ ಆ ಹತ್ತರ ಪಟ್ಟಿಯಲ್ಲಿ ಕಾಸರಗೋಡು, ಮಂಗಳೂರು, ಬಾರ್ಕೂರುಗಳೂ ಇವೆ. ಮಂಗಳೂರಿನ ಬಂದರಿನ ಝೀನತ್ ಬಕ್ಷ್ ಮಸೀದಿಯೂ ಕಾಸರಗೋಡಿನ ತಳಂಗರೆಯ ಮಾಲಿಕ್ ದೀನಾರ್ ಮಸೀದಿಯೂ ತಮ್ಮ ಹುಟ್ಟನ್ನು ಇಂದಿಗೂ ಇದೇ ಕಥೆಗೆ ಜೋಡಿಸಿಕೊಳ್ಳುತ್ತವೆ. ಕೊಡುಂಗಲ್ಲೂರಿನ ಚೇರಮಾನ್ ಮಸೀದಿಯನ್ನು ಕ್ರಿ.ಶ. 629ರದೆಂದು ಪರಂಪರೆ ಹೇಳುತ್ತದೆ.

ಶೈವ ಪರಂಪರೆಯ ಚೇರಮಾನ್ ಪೆರುಮಾಳ್ ಅರವತ್ತಮೂವರು ನಾಯನ್ಮಾರರಲ್ಲಿ ಒಬ್ಬನು, ಸುಂದರರ ಗೆಳೆಯನು. ಸುಂದರರು ಕೊಡುಂಗಲ್ಲೂರಿನ ಬಳಿಯ ತಿರುವಂಚಿಕ್ಕುಳದಿಂದ ಬಿಳಿಯಾನೆಯನ್ನೇರಿ ಕೈಲಾಸಕ್ಕೆ ಹೊರಟಾಗ ಚೇರಮಾನನು ಕುದುರೆಯನ್ನೇರಿ ಬೆನ್ನಟ್ಟಿದನೆಂದು ಶೇಕ್ಕಿಳಾರರ ‘ಪೆರಿಯ ಪುರಾಣ’ ಹೇಳುತ್ತದೆ. ಕನ್ನಡಿಗರಿಗೆ ಈ ಬಳಗ ಹೊಸತಲ್ಲ. ಹರಿಹರನು ‘ನಂಬಿಯಣ್ಣನ ರಗಳೆ’ಯಲ್ಲಿ ಹಾಡಿದ ನಂಬಿಯಣ್ಣನೇ ಈ ಸುಂದರರು, ನಮ್ಮ ಶರಣರು ಭಕ್ತಿಯಿಂದ ನೆನೆಯುವ ಪುರಾತನರ ಸಾಲಿನ ಚೇರಮನೇ ಈ ಅರಸನು. ಕ್ಯಾಂಟೀನಿನಲ್ಲಿ ಕೈಲಾಸವೆಂದು ಹೇಳಿದವರ ಮಾತಿಗೆ ನಮ್ಮ ಅಜ್ಜ ಅಜ್ಜಿಯರೂ ತಲೆದೂಗುತ್ತಿದ್ದರೇನೋ.

ಕ್ರೈಸ್ತರಲ್ಲಿಯೂ ಅವನು ಇದ್ದಾನೆ. ಕ್ನಾಯಿ ತೋಮನೆಂಬ ವರ್ತಕನು ತನ್ನ ಜನರೊಡನೆ ಬಂದಿಳಿದಾಗ ಅವರಿಗೆ ನೆಲವನ್ನೂ ಗೌರವವನ್ನೂ ಕೊಟ್ಟವನು ಚೇರಮಾನ್ ಪೆರುಮಾಳ್ ಎಂದು ಆ ಸಮುದಾಯದ ಪರಂಪರೆ, ಕಾಲ ಕ್ರಿ.ಶ. 345 ಎನ್ನುತ್ತಾರೆ. ಕೊಚ್ಚಿಯ ಯಹೂದಿಗಳ ಪರಂಪರೆಯಲ್ಲಿಯೂ ತಮ್ಮ ಹಿರಿಯನಾದ ಜೋಸೆಫ್ ರಬ್ಬಾನನಿಗೆ ಹಕ್ಕುಗಳನ್ನು ಕೊಟ್ಟವನು ಅವನೇ, ಕಾಲ ಕ್ರಿ.ಶ. 379. ಈ ಎಲ್ಲ ತೇದಿಗಳನ್ನೂ ಕೂಡಿಸಿದರೆ ಒಬ್ಬನೇ ಅರಸನು ನಾಲ್ಕನೆಯ ಶತಮಾನದಿಂದ ಹನ್ನೆರಡನೆಯ ಶತಮಾನದವರೆಗೆ ಆಳಿರಬೇಕಾಗುತ್ತದೆ. ಕೇರಳೋತ್ಪತ್ತಿಯ ಪ್ರಕಾರವಂತೂ ಅವನನ್ನು ಕೇರಳಕ್ಕೆ ನೇಮಿಸಿ ಕಳುಹಿಸಿದವನು ಆನೆಗೊಂದಿಯ ಕೃಷ್ಣರಾಯ! ಅವಧಿ ಮೀರಿದರೂ ಹೊರಡದ ಪೆರುಮಾಳನ ಮೇಲೆ ರಾಯನು ದಂಡು ಕಳುಹಿಸಿದನೆಂದೂ ಆ ಗ್ರಂಥ ಹೇಳುತ್ತದೆ. 1509ರಲ್ಲಿ ಪಟ್ಟವೇರಿದ ವಿಜಯನಗರದ ಅರಸನು ಅದಕ್ಕೂ ನೂರಾರು ವರ್ಷ ಹಿಂದೆ ಹೊರಟುಹೋದವನನ್ನು ನೇಮಿಸಿದ್ದು ಹೇಗೆ? ಗ್ರಂಥ ಈಗಿನ ರೂಪ ತಾಳಿದ್ದು ವಿಜಯನಗರದ ಹೆಸರು ತೆಂಕಣದಲ್ಲೆಲ್ಲ ಮೊಳಗಿದ ನಂತರವೆಂಬುದಕ್ಕೆ ಈ ತಪ್ಪೇ ಸಾಕ್ಷಿ. ಆದರೆ ಕಥೆ ಗ್ರಂಥಕ್ಕಿಂತ ಹಳೆಯದು. ಪೋರ್ಚುಗೀಸನಾದ ದುಆರ್ತೆ ಬಾರ್ಬೋಸಾ 1516ರ ಸುಮಾರಿಗೆ ಮಲಬಾರಿನಲ್ಲಿ ಇದನ್ನು ಕೇಳಿ ಬರೆದಿಟ್ಟಿದ್ದಾನೆ.

ಈ ಗ್ರಂಥ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ ಎಂಬುದನ್ನು ಓದುಗರು ಗಮನಿಸಬೇಕು. ತಲಶ್ಶೇರಿಯಲ್ಲಿದ್ದ ಹರ್ಮನ್ ಗುಂಡರ್ಟ್ ಸಿದ್ಧಪಡಿಸಿದ ಕೇರಳೋತ್ಪತ್ತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ 1843ರಲ್ಲಿ ಹೊರತಂದಿತು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಮೋಗ್ಲಿಂಗ್ ಹೊರಡಿಸಿದ್ದೂ ಅದೇ ಊರಿನಲ್ಲಿ, ಅದೇ ವರ್ಷದ ಜುಲೈನಲ್ಲಿ. ಮಲಯಾಳಿಗಳ ಮೂಲಪುರಾಣವೂ ಕನ್ನಡಿಗರ ಮೊದಲ ವಾರ್ತಾಪತ್ರಿಕೆಯೂ ಒಂದೇ ವರ್ಷದ, ಒಂದೇ ಊರಿನ ಮಕ್ಕಳು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಶಾಸನಗಳತ್ತ ತಿರುಗೋಣ. ಕೊಡುಂಗಲ್ಲೂರನ್ನು, ಅಂದರೆ ಅಂದಿನ ಮಹೋದಯಪುರವನ್ನು ರಾಜಧಾನಿ ಮಾಡಿಕೊಂಡು ಚೇರ ಪೆರುಮಾಳರೆಂಬ ಅರಸರು ಒಂಬತ್ತನೆಯ ಶತಮಾನದಿಂದ ಹನ್ನೆರಡನೆಯ ಶತಮಾನದ ಆರಂಭದವರೆಗೆ ಆಳಿದ್ದು ಇತಿಹಾಸ. ಅವರನ್ನು ದಂತಕಥೆಯ ಮಂಜಿನಿಂದ ಹೊರತಂದ ಕೆಲಸದಲ್ಲಿ ತಿರುವನಂತಪುರದ ಪಾಲು ದೊಡ್ಡದು. ತಿರುವಾಂಕೂರು ಸಂಸ್ಥಾನದ ಪುರಾತತ್ವ ಇಲಾಖೆಯ ಟಿ.ಎ. ಗೋಪಿನಾಥ ರಾಯರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಾಸನಗಳನ್ನು ಓದಿ ‘ಟ್ರಾವಂಕೂರ್ ಆರ್ಕಿಯಾಲಾಜಿಕಲ್ ಸೀರೀಸ್’ ಎಂಬ ಮಾಲೆಯಲ್ಲಿ ಪ್ರಕಟಿಸತೊಡಗಿದರು. ಬಳಿಕ ತಿರುವನಂತಪುರದ ಯೂನಿವರ್ಸಿಟಿ ಕಾಲೇಜಿನಲ್ಲಿ ಮಲಯಾಳಂ ಕಲಿಸುತ್ತಿದ್ದ ಇಳಂಕುಳಂ ಕುಂಞನ್ ಪಿಳ್ಳೆಯವರು ಈ ಶಾಸನಗಳ ಹಳೆಯ ಭಾಷೆಯನ್ನು ಬಿಡಿಸಿ ಅರಸರ ಅನುಕ್ರಮವನ್ನು ಕಟ್ಟಿದರು. ಎಂ.ಜಿ.ಎಸ್. ನಾರಾಯಣನ್ ಅವರು ತಮ್ಮ ‘ಪೆರುಮಾಳ್ಸ್ ಆಫ್ ಕೇರಳ’ದಲ್ಲಿ ಆ ಅನುಕ್ರಮವನ್ನು ಪರಿಶೀಲಿಸಿ, ತಿದ್ದಿ, ಗಟ್ಟಿಗೊಳಿಸಿದರು.

ಆ ಅರಸರಲ್ಲಿ ಕೆಲವರ ಗುರುತು ಮಾಡಿಕೊಂಡರೆ ದಂತಕಥೆಯ ನೂಲುಗಳು ಎಲ್ಲೆಲ್ಲಿಂದ ಬಂದವೆಂದು ತಿಳಿಯುತ್ತದೆ. ರಾಜಶೇಖರನೆಂಬ ಅರಸನ ವಾಳಪ್ಪಳ್ಳಿ ತಾಮ್ರಶಾಸನವು ವಾಡಿಕೆಯ ‘ಸ್ವಸ್ತಿಶ್ರೀ’ಯನ್ನು ಬಿಟ್ಟು ಶಿವನಿಗೆ ನಮಸ್ಕರಿಸಿ ತೊಡಗುತ್ತದೆ. ಇವನೇ ನಾಯನ್ಮಾರರಲ್ಲೊಬ್ಬನಾದ ಚೇರಮಾನ್ ಇರಬೇಕೆಂದು ವಿದ್ವಾಂಸರ ಊಹೆ. ಸ್ಥಾಣು ರವಿಯೆಂಬ ಅರಸನ ಐದನೆಯ ಆಳ್ವಿಕೆಯ ವರ್ಷದಲ್ಲಿ, ಕ್ರಿ.ಶ. 849ರಲ್ಲಿ, ಕೊಲ್ಲಂನ ತರಿಸಾಪಳ್ಳಿ ಎಂಬ ಚರ್ಚಿಗೆ ಹಕ್ಕುಗಳನ್ನು ನೀಡಿದ ತಾಮ್ರಪಟಗಳು ಹೊರಟವು. ಭಾಸ್ಕರ ರವಿಯು ಸುಮಾರು ಕ್ರಿ.ಶ. 1000ದಲ್ಲಿ ಜೋಸೆಫ್ ರಬ್ಬಾನನಿಗೆ 72 ಹಕ್ಕುಗಳನ್ನು ಕೊಟ್ಟನು: ಹಗಲು ದೀಪ, ಹಾಸುಬಟ್ಟೆಯ ಮೇಲೆ ನಡೆಯುವ ಮನ್ನಣೆ, ಪಲ್ಲಕ್ಕಿ, ಕೊಡೆ, ಭೇರಿ, ಕಹಳೆ, ತೋರಣ, ತೆರಿಗೆಗಳ ವಿನಾಯಿತಿ. ವಟ್ಟೆಳುತ್ತು ಲಿಪಿಯ ಆ ತಾಮ್ರಪಟಗಳು ಮಟ್ಟಾಂಚೇರಿಯ ಪರದೇಶಿ ಸಿನಗಾಗ್‌ನಲ್ಲಿ ಉಳಿದುಬಂದವು. 1568ರಲ್ಲಿ ಕಟ್ಟಿದ ಆ ಮಂದಿರಕ್ಕೆ ಮಸಾಲೆ ಅಂಗಡಿಗಳ ಗಲ್ಲಿಯಲ್ಲಿ ನಡೆದುಹೋದರೆ ಈಗಲೂ ಶುಂಠಿ ಮೆಣಸುಗಳ ವಾಸನೆ ಮೂಗಿಗೆ ಬಡಿಯುತ್ತದೆ. ಪೆರುಮಾಳರ ಖಜಾನೆ ತುಂಬಿದ್ದು ಇದೇ ಮೆಣಸಿನಿಂದ, ಅದನ್ನು ಕೊಳ್ಳಲು ಕಡಲಾಚೆಯಿಂದ ಬಂದವರಿಂದ.

849ರ ಪಟಗಳ ಕಡೆಯ ಭಾಗ ಓದುಗನನ್ನು ತಡೆದು ನಿಲ್ಲಿಸುತ್ತದೆ. ಕ್ರೈಸ್ತರ ಚರ್ಚಿಗೆ ಕೊಟ್ಟ ದತ್ತಿಗೆ ಸಾಕ್ಷಿ ಹಾಕಿದವರು ಅರಬ್ಬಿ, ಪಹ್ಲವಿ ಮತ್ತು ಹೀಬ್ರೂ ಲಿಪಿಗಳಲ್ಲಿ ಸಹಿ ಮಾಡಿದ್ದಾರೆ. ಮುಸಲ್ಮಾನರು, ಪಾರಸಿಗಳ ಪೂರ್ವಜರು, ಯಹೂದಿಗಳು ಒಂದೇ ಕಾಗದಕ್ಕೆ, ಅಲ್ಲ, ಒಂದೇ ತಾಮ್ರಕ್ಕೆ ಕೈ ಹಾಕಿದ್ದಾರೆ. ಈ ಪಟಗಳನ್ನು ಸೀರಿಯನ್ ಕ್ರೈಸ್ತ ಸಭೆಗಳು ಇಂದಿಗೂ ಕಾಪಾಡಿಕೊಂಡಿವೆ.

ಕಟ್ಟಕಡೆಯ ಪೆರುಮಾಳ್ ರಾಮ ಕುಲಶೇಖರ. ಚೋಳರೊಡನೆ ಯುದ್ಧಗಳು ನಡೆಯುತ್ತಿದ್ದ ಕಾಲದಲ್ಲಿ ಅವನು ಕೊಲ್ಲಂನಲ್ಲಿ ಬೀಡುಬಿಟ್ಟಿದ್ದನು. ಅಲ್ಲಿಯ ರಾಮೇಶ್ವರ ದೇವಾಲಯದ 1102ರ ಶಾಸನ, ಅರಸನು ಆರ್ಯರಿಗೆ ಅಂದರೆ ಬ್ರಾಹ್ಮಣರಿಗೆ ಎಸಗಿದ ಅಪರಾಧಕ್ಕೆ ಪ್ರಾಯಶ್ಚಿತ್ತವಾಗಿ ಅವರ ಊಟಕ್ಕೆ ಭತ್ತವನ್ನು ಬಿಟ್ಟುಕೊಟ್ಟನೆಂದು ಹೇಳುತ್ತದೆ. ಅಪರಾಧವೇನೆಂದು ಕಲ್ಲು ಹೇಳುವುದಿಲ್ಲ. ಇವನ ನಂತರ ಯಾವ ಪೆರುಮಾಳನ ಹೆಸರೂ ಶಾಸನಗಳಲ್ಲಿ ಕಾಣಿಸದು. ದಂತಕಥೆಯ ಕಡೆಯ ಪೆರುಮಾಳ್ ಪಶ್ಚಾತ್ತಾಪದಿಂದ ಕುಗ್ಗಿದವನು. ಇತಿಹಾಸದ ಕಡೆಯ ಪೆರುಮಾಳ್ ಪ್ರಾಯಶ್ಚಿತ್ತ ಮಾಡಿಕೊಂಡವನು. ಉತ್ತರದ ಮಾಡಾಯಿ ಮಸೀದಿಯ ಶಾಸನದ ತೇದಿ ಹಿಜರಿ 518, ಅಂದರೆ ಕ್ರಿ.ಶ. 1124. ಕಡೆಯ ಅರಸನು ಇಸ್ಲಾಂ ಸ್ವೀಕರಿಸಿದನೆಂಬ ಪರಂಪರೆಯನ್ನು ಸುಮ್ಮನೆ ತಳ್ಳಿಹಾಕಲಾಗದೆಂದು ಎಂ.ಜಿ.ಎಸ್. ಅವರಂಥ ಕಟ್ಟುನಿಟ್ಟಿನ ಇತಿಹಾಸಕಾರರೂ ಹೇಳಿದ್ದಾರೆ. ಒಪ್ಪದವರೂ ಅಷ್ಟೇ ಬಲವಾಗಿ ವಾದಿಸಿದ್ದಾರೆ. ಹದಿನಾರನೆಯ ಶತಮಾನದಲ್ಲಿ ‘ತುಹ್ಫತುಲ್ ಮುಜಾಹಿದೀನ್’ ಬರೆದ ಶೇಖ್ ಝೈನುದ್ದೀನರೇ, ಈ ಘಟನೆ ಪ್ರವಾದಿಯ ಕಾಲದ್ದೆಂಬ ಜನರ ನಂಬಿಕೆಯನ್ನು ಒಪ್ಪದೆ, ಅದು ಸುಮಾರು 200 ವರ್ಷ ಈಚಿನದಿರಬೇಕೆಂದು ಬರೆದರು. ತನ್ನ ಜನಕ್ಕೆ ಪ್ರಿಯವಾದ ಕಥೆಯನ್ನು ಹೇಳುತ್ತಲೇ ಅದರ ತೇದಿಯನ್ನು ಸಂದೇಹಿಸಿದ ಆ ಪ್ರಾಮಾಣಿಕತೆ ನಮಗೆಲ್ಲ ಮಾದರಿ.

ಆದರೆ ನಮಗೆ ಮುಖ್ಯವೆನಿಸಿದ್ದು ಅವನು ಎಲ್ಲಿಗೆ ಹೋದನೆಂಬುದಲ್ಲ, ಅವನು ಹಂಚಿದನೆಂಬ ಮಾತು. ಈ ಹಂಚಿಕೆ ನಡೆದಿತ್ತೇ? ತಾಮ್ರಪಟಗಳನ್ನೇ ಕೇಳೋಣ. 849ರಲ್ಲಿ ಕೊಲ್ಲಂನ ಚರ್ಚಿಗೆ ದತ್ತಿ ಕೊಟ್ಟವನು ಪೆರುಮಾಳನಲ್ಲ, ಅವನ ಅಧೀನನಾಗಿದ್ದ ವೇಣಾಡಿನ ಒಡೆಯ ಅಯ್ಯನ್ ಅಡಿಗಳ್. 1000ದ ಯಹೂದಿ ಪಟಕ್ಕೆ ಸಾಕ್ಷಿಗಳಾಗಿ ನಿಂತವರು ವೇಣಾಡಿನ ಗೋವರ್ಧನ ಮಾರ್ತಾಂಡ, ಏರಾಳನಾಡು, ವಳ್ಳುವನಾಡು ಮುಂತಾದವುಗಳ ಒಡೆಯರು. ಅಂದರೆ ಯಾರು ಅರಸನ ಕೈಯಿಂದ ಪಾಲು ಪಡೆದೆವೆಂದು ಮುಂದೆ ಹೇಳಿಕೊಂಡರೋ ಅವರ ಹಿರಿಯರು ‘ಹಂಚಿಕೆ’ಗೆ ನೂರಾರು ವರ್ಷ ಮೊದಲೇ ತಮ್ಮ ತಮ್ಮ ನಾಡುಗಳಲ್ಲಿ ನೆಲೆನಿಂತಿದ್ದರು. ಮೇಲಿನ ಕೊಡೆ ಮಡಿಚಿದಾಗ ಕೆಳಗಿದ್ದವರು ಇದ್ದಲ್ಲಿಯೇ ಸ್ವತಂತ್ರರಾದರು. ಯಾರೂ ಯಾರಿಗೂ ಕೊಡಲಿಲ್ಲ.

ಹಾಗಿದ್ದರೆ ಕೊಟ್ಟನೆಂಬ ಕಥೆ ಏಕೆ ಬೇಕಾಯಿತು? ಇದೇ ಈ ಬರಹದ ಮುಖ್ಯ ಪ್ರಶ್ನೆ. ಇಂಗ್ಲಿಷ್ ಎಂ.ಎ. ಓದುವಾಗ ಯೇಟ್ಸ್ ಕವಿಯ ನೆಪದಲ್ಲಿ ಐರ್ಲೆಂಡಿನ ಹಳೆಯ ಕಥೆಗಳನ್ನು ನಾವು ಒಂದಿಷ್ಟು ನೋಡಿದ್ದೆವು. ಅಲ್ಲಿ ‘ನೂರು ಯುದ್ಧಗಳ ಕಾನ್’ ಎಂಬ ಪುರಾತನ ಅರಸನಿದ್ದಾನೆ. ಅವನು ತಾರಾ ಬೆಟ್ಟದ ಮೇಲೆ ಕಾಲಿಟ್ಟಾಗ ಅಲ್ಲಿಯ ಕಲ್ಲೊಂದು ಕೂಗಿ, ಅವನ ಸಂತತಿಯಲ್ಲಿ ಎಷ್ಟು ಮಂದಿ ಅರಸರಾಗುವರೆಂದು ತಿಳಿಸಿತಂತೆ. ಅವನಿಗೂ ಮುಗ್ ನುವಾದತ್ ಎಂಬ ಎದುರಾಳಿಗೂ ನಡುವೆ ದ್ವೀಪ ಎರಡಾಗಿ ಹಂಚಿಹೋಗಿ, ಉತ್ತರಾರ್ಧಕ್ಕೆ ‘ಕಾನ್‌ನ ಪಾಲು’, ದಕ್ಷಿಣಾರ್ಧಕ್ಕೆ ‘ಮುಗ್‌ನ ಪಾಲು’ ಎಂಬ ಹೆಸರುಗಳು ಮಧ್ಯಯುಗದುದ್ದಕ್ಕೂ ಉಳಿದವು. ಅಲ್ಲಿಯ ದೊಡ್ಡ ರಾಜಮನೆತನಗಳು ತಮ್ಮ ವಂಶವೃಕ್ಷದ ಬೇರನ್ನು ಕಾನ್‌ನಲ್ಲಿ ನೆಟ್ಟುಕೊಂಡವು. ಆಳುವವನಿಗೆ ಬಲವೊಂದೇ ಸಾಲದು, ಬಲಕ್ಕೆ ಬೆನ್ನಾಗಿ ಒಂದು ಪತ್ರವೂ ಬೇಕು. ಪತ್ರವಿಲ್ಲದಿದ್ದಾಗ ಕಥೆಯೇ ಪತ್ರವಾಗುತ್ತದೆ.

ಅಂಥ ಕಥೆಯ ಪತ್ರಗಳಲ್ಲಿ ಪೆರುಮಾಳನದು ಹೆಚ್ಚು ಗಟ್ಟಿ. ಗೆದ್ದು ಪಡೆದ ನಾಡನ್ನು ಇನ್ನೊಬ್ಬನು ಗೆದ್ದು ಕಸಿಯಬಹುದು. ತಾನಾಗಿ ಕೊಟ್ಟು, ಕಡಲು ದಾಟಿ, ಮರಳದೆ ಹೋದವನ ದಾನವನ್ನು ಪ್ರಶ್ನಿಸುವವರು ಯಾರು? ಪ್ರಶ್ನಿಸಬಲ್ಲವನು ಅವನೊಬ್ಬನೇ, ಅದೂ ಮರಳಿ ಬಂದರೆ. ಅಳಿಯಸಂತಾನದ ನಾಡಿನಲ್ಲಿ ಆ ದಾನಿ ಆಳುವವರಿಗೆಲ್ಲ ಸೋದರಮಾವನಾದನು. ತಿರುವಾಂಕೂರಿನ ಮಹಾರಾಜರು ಪಟ್ಟದ ಖಡ್ಗವನ್ನು ಸ್ವೀಕರಿಸುವಾಗ, ಮೆಕ್ಕಾಕ್ಕೆ ಹೋದ ಮಾವ ಮರಳುವವರೆಗೆ ಇದನ್ನು ಇಟ್ಟುಕೊಂಡಿರುವೆನೆಂದು ಹೇಳುವ ಪದ್ಧತಿ ಇದೆಯೆಂದು ಮಲಬಾರಿನ ಕಲೆಕ್ಟರನಾಗಿದ್ದ ವಿಲಿಯಂ ಲೋಗನ್ 1887ರ ತನ್ನ ಗ್ರಂಥದಲ್ಲಿ ಬರೆದನು. ತಿರುವಾಂಕೂರಿನ ಕಡೆಯವರು ಇದನ್ನು ಒಪ್ಪಲಿಲ್ಲ. ಪದ್ಧತಿ ಇತ್ತೋ ಇಲ್ಲವೋ, ಆ ಮಾತು ಮಾತ್ರ ಜನರ ಮನಸ್ಸಿನಲ್ಲಿ ಉಳಿಯಿತು. ಆಳುವವನು ಒಡೆಯನಲ್ಲ, ಒಡೆಯನು ಬರುವತನಕ ಕಾಯುವವನು ಎಂಬ ಭಾವ ಅದರಲ್ಲಿದೆ.

ತಿರುವನಂತಪುರದ ಕೋಟೆಯೊಳಗಿನ ಪದ್ಮನಾಭಸ್ವಾಮಿ ದೇವಾಲಯದ ಮುಂದೆ ನಿಂತಾಗ ಈ ಭಾವ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಯುದ್ಧಗಳಿಂದ ರಾಜ್ಯವನ್ನು ಕೊಚ್ಚಿಯ ಗಡಿಯವರೆಗೂ ಬೆಳೆಸಿದ ಮಾರ್ತಾಂಡವರ್ಮನು 1750ರ ಜನವರಿಯಲ್ಲಿ ತನ್ನ ಖಡ್ಗವನ್ನು ದೇವರ ಮುಂದಿಟ್ಟು ರಾಜ್ಯವನ್ನೆಲ್ಲ ಪದ್ಮನಾಭನಿಗೆ ಒಪ್ಪಿಸಿದನು. ಇದನ್ನು ತೃಪ್ಪಡಿದಾನ ಎನ್ನುತ್ತಾರೆ. ಅಲ್ಲಿಂದಾಚೆ ಅರಸರು ‘ಪದ್ಮನಾಭದಾಸ’ರಾಗಿ, ಅವನ ಪರವಾಗಿ ಆಳಿದರು. ಅವರ ಬಿರುದುಗಳಲ್ಲಿ ‘ಕುಲಶೇಖರ ಪೆರುಮಾಳ್’ ಎಂಬುದೂ ಸೇರಿದ್ದಿತು. ಕತ್ತಿಯಿಂದ ಗೆದ್ದದ್ದನ್ನು ದಾನವಾಗಿ ಮಾರ್ಪಡಿಸಿ, ಗೆದ್ದವನೇ ಅದರ ಕಾವಲುಗಾರನಾಗುವ ಈ ಕ್ರಮದಲ್ಲಿ ಭಕ್ತಿಯೂ ಇತ್ತು, ರಾಜನೀತಿಯೂ ಇತ್ತು. ದೇವರ ರಾಜ್ಯದ ಮೇಲೆ ದಂಡೆತ್ತಿ ಬರುವವನು ದೇವದ್ರೋಹಿಯಾಗುತ್ತಾನೆ.

ಮಲಯಾಳಿಗಳಿಗೆ ಬಿಟ್ಟುಹೋದ ಅರಸರ ಮೇಲೆ ವಿಶೇಷ ಪ್ರೀತಿ. ಕೊಚ್ಚಿಯ ಅಂಚಿನ ತೃಕ್ಕಾಕರದಲ್ಲಿ ವಾಮನನ ದೇವಾಲಯವಿದೆ; ಪೆರುಮಾಳರ ಕಾಲದಲ್ಲಿ ಸಾಮಂತರೆಲ್ಲ ಓಣಂ ಉತ್ಸವಕ್ಕೆ ಅಲ್ಲಿ ನೆರೆಯುತ್ತಿದ್ದರೆಂದು ಪರಂಪರೆ. ಮಹಾಬಲಿ ವರ್ಷಕ್ಕೊಮ್ಮೆ ಬಂದು ನೋಡಿಹೋಗುತ್ತಾನೆ. ನಮ್ಮಲ್ಲಿಯೂ ಬಲಿಪಾಡ್ಯಮಿಯಂದು, ತುಳುನಾಡಿನ ಗದ್ದೆಗಳಲ್ಲಿ ಬಲಿಯೇಂದ್ರನನ್ನು ಕೂಗಿ ಕರೆಯುತ್ತಾರೆ. ಪೆರುಮಾಳ್ ಬರುವುದಿಲ್ಲ. ಅವನನ್ನು ಕರೆಯುವ ಹಬ್ಬವೂ ಇಲ್ಲ. ಬಾರದಿರುವುದೇ ಅವನ ಕೆಲಸ.

ಕನ್ನಡಿಗರು ಇದನ್ನೆಲ್ಲ ಮಂದಿಯ ಮನೆಯ ಕಥೆಯೆಂದು ಕೇಳಿ ಎದ್ದುಹೋಗುವಂತಿಲ್ಲ. ತುಳುನಾಡಿನ ‘ಗ್ರಾಮಪದ್ಧತಿ’ಯಲ್ಲಿ ನಮ್ಮದೇ ಪೆರುಮಾಳ್ ಒಬ್ಬನಿದ್ದಾನೆ. ಅವನ ಹೆಸರು ಮಯೂರವರ್ಮ. ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು 32 ಗ್ರಾಮಗಳಲ್ಲಿ ನೆಲೆಗೊಳಿಸಿದವನು ಅವನೆಂದು ಆ ಗ್ರಂಥ ಹೇಳುತ್ತದೆ. ಐದನೆಯ ಶತಮಾನದ ತಾಳಗುಂದದ ಕಂಬದ ಶಾಸನ ಹೇಳುವುದೇ ಬೇರೆ: ಮಯೂರಶರ್ಮನೆಂಬ ಬ್ರಾಹ್ಮಣ ತರುಣನು ಗುರು ವೀರಶರ್ಮನೊಡನೆ ಓದಲೆಂದು ಕಂಚಿಗೆ ಹೋಗಿ, ಪಲ್ಲವರ ಸವಾರನೊಡನೆ ಜಗಳವಾಗಿ, ಅವಮಾನದಿಂದ ಕೆರಳಿ ಕತ್ತಿ ಹಿಡಿದು ಕದಂಬ ರಾಜ್ಯವನ್ನು ಕಟ್ಟಿದನು. ದರ್ಭೆಯನ್ನು ಬಿಟ್ಟು ಕತ್ತಿ ಹಿಡಿದವನು ದಂತಕಥೆಯಲ್ಲಿ ದರ್ಭೆ ಹಿಡಿದವರನ್ನು ಕರೆತಂದವನಾದನು. ನೆಲದ ಹಕ್ಕಿಗೆ ಒಂದು ದಾನಪತ್ರ ಬೇಕಾದವರು ಅವನನ್ನು ಹಾಗೆ ನೆನೆದರು. ಪೆರುಮಾಳನ ವಿಷಯದಲ್ಲಿ ಮಲಯಾಳಿಗಳನ್ನು ನೋಡಿ ನಗುವ ಮುನ್ನ ಮಯೂರವರ್ಮನನ್ನು ನೆನೆಯುವುದು ಒಳ್ಳೆಯದು.

ಇನ್ನು ಗಡಿಯ ಮಾತು. ಕೇರಳೋತ್ಪತ್ತಿಯ 64 ಗ್ರಾಮಗಳಲ್ಲಿ 32 ತುಳುನಾಡಿನವು; ಅದರ ಕೇರಳ ಗೋಕರ್ಣದಿಂದ ತೊಡಗುತ್ತದೆ. 1956ರ ನವೆಂಬರ್ 1ರಂದು ತಿರು-ಕೊಚ್ಚಿ, ಮಲಬಾರುಗಳು ಒಂದಾಗಿ ಕೇರಳ ರಾಜ್ಯವಾದಾಗ, ಪೆರುಮಾಳ್ ಹಂಚಿದ ನಾಡು ಮತ್ತೆ ಕೂಡಿತೆಂದು ಇಲ್ಲಿಯವರು ಸಂತೋಷಪಟ್ಟದ್ದು ಸಹಜವೇ. ಅದೇ ದಿನ ನಮ್ಮ ರಾಜ್ಯವೂ ಒಂದಾಯಿತು, ಕಾಸರಗೋಡು ಮಾತ್ರ ನಮ್ಮಿಂದ ಬೇರೆಯಾಯಿತು. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿದರೂ ಅದು ಜಾರಿಗೆ ಬರಲಿಲ್ಲ. ನೋವು ನಮಗೂ ಇದೆ. ಆದರೆ ಆ ನೋವಿಗೆ ನಾವು ಕೊಡಬೇಕಾದ ಆಧಾರ ಅಲ್ಲಿಯ ಜನರ ಮಾತು, ಶಾಲೆ, ಬದುಕು, ಪುರಾಣದ ಗಡಿಗಳಲ್ಲ. ಗೋಕರ್ಣದವರೆಗಿನ ಕೇರಳವನ್ನು ನಂಬಲಾಗದು ಎನ್ನುವ ನಾವು, ನಮ್ಮ ಕಡೆಯ ದಂತಕಥೆಯನ್ನು ನಕಾಶೆಯಾಗಿ ಹಿಡಿಯುವುದೂ ಸಲ್ಲದು.

ಪೆರುಮಾಳನ ಕಥೆ ಬಹುಶಃ ನಿಜವಾದದ್ದು ನಮ್ಮ ಕಾಲದಲ್ಲಿ, 1949ರ ಜುಲೈ 1ರಂದು. ಅಂದು ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳು ಸೇರಿ ಒಂದಾದವು. ಆ ಮಾತುಕತೆಗಳ ವೃತ್ತಾಂತವನ್ನು ವಿ.ಪಿ. ಮೆನನ್ ದೇಶೀಯ ಸಂಸ್ಥಾನಗಳ ವಿಲೀನದ ಕುರಿತ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ತಿರುವಾಂಕೂರಿನ ಮಹಾರಾಜರು ರಾಜಪ್ರಮುಖರಾಗುವಾಗ, ಪದ್ಮನಾಭನ ದಾಸರಾದ ಅವರು ಬೇರೊಂದು ನಿಷ್ಠೆಯ ಪ್ರಮಾಣವಚನವನ್ನು ಹೇಗೆ ಸ್ವೀಕರಿಸುವುದೆಂಬ ತೊಡಕು ಎದ್ದಿತು, ದಾರಿಯೊಂದನ್ನು ಹುಡುಕಬೇಕಾಯಿತು. ಕೊಚ್ಚಿಯ ಪರೀಕ್ಷಿತ್ ತಂಪುರಾನರದು ಇನ್ನೂ ಸರಳ. ಅವರು ಯಾವ ಪದವಿಯನ್ನೂ ಬಯಸದೆ ರಾಜ್ಯವನ್ನು ಬಿಟ್ಟುಕೊಟ್ಟರು. ಅವರು ಕೇಳಿಕೊಂಡ ಅಲ್ಪಸ್ವಲ್ಪದಲ್ಲಿ ಒಂದು, ಸಂಸ್ಥಾನ ಪ್ರತಿವರ್ಷ ಪ್ರಕಟಿಸುತ್ತಿದ್ದ ಪಂಚಾಂಗದ ಪ್ರತಿಗಳು ಮನೆತನದವರಿಗೆ ಎಂದಿನಂತೆ ಉಚಿತವಾಗಿ ಬರುತ್ತಿರಲಿ ಎಂಬುದು.

ಪೆರುಮಾಳನ ವಂಶಜರೆಂದು ಹೇಳಿಕೊಂಡ ಮನೆತನದ ಅರಸನೊಬ್ಬನು, ಮೆಕ್ಕಾಕ್ಕೂ ಕೈಲಾಸಕ್ಕೂ ಹೋಗದೆ, ಪಂಚಾಂಗವೊಂದನ್ನು ಕೇಳಿ ರಾಜ್ಯವನ್ನು ಒಪ್ಪಿಸಿದನು. ನಮ್ಮ ನೌಕರಿಯ ಭಾಷೆಯಲ್ಲಿ ಹೇಳುವುದಾದರೆ, ಸೋದರಮಾವ ಬಿಟ್ಟುಹೋದ ಚಾರ್ಜು ಕಡೆಗೂ ಹಸ್ತಾಂತರವಾಯಿತು. ಪಡೆದವರು ಜನರು. ಅವರೂ ಒಡೆಯರೋ, ಕಾಯುವವರೋ ಎಂಬುದು ಮುಂದಿನ ಪ್ರಶ್ನೆ.

ಕ್ಯಾಂಟೀನಿನ ಆ ಮಧ್ಯಾಹ್ನವನ್ನು ಈಗ ಮತ್ತೆ ನೆನೆಯುತ್ತೇವೆ. ಮೂರು ಉತ್ತರಗಳಲ್ಲಿ ಒಂದನ್ನು ಆರಿಸಿ ಇನ್ನೆರಡನ್ನು ಸುಳ್ಳೆಂದು ಸಾರಬೇಕೆಂಬ ಒತ್ತಡ ಇಂದು ದೇಶದಲ್ಲೆಲ್ಲ ಹೆಚ್ಚುತ್ತಿದೆ. 849ರ ತಾಮ್ರದ ಮೇಲೆ ಮೂರು ಲಿಪಿಗಳಲ್ಲಿ ಸಹಿ ಹಾಕಿದವರಿಗೆ ಆ ಒತ್ತಡ ಇರಲಿಲ್ಲವೆನಿಸುತ್ತದೆ. ಅವರಿಗೆ ಬೇಕಿದ್ದುದು ಕೊಟ್ಟ ಮಾತು ನಿಲ್ಲುವುದು. ನಿಜವಾದ ಪೆರುಮಾಳರ ಹೆಸರುಗಳನ್ನು ನಮಗಾಗಿ ಉಳಿಸಿಕೊಟ್ಟ ಪಟಗಳಲ್ಲಿ ಮುಖ್ಯವಾದವು ಹೊರಗಿನಿಂದ ಬಂದವರ ಕೈಯಲ್ಲಿದ್ದವು. ಅರಮನೆಗಳು ಕಥೆಯನ್ನು ಕಾಪಾಡಿಕೊಂಡವು. ಪರದೇಶಿಗಳು ಕರಾರನ್ನು ಕಾಪಾಡಿಕೊಂಡರು.

ನಾವೂ ಈ ನಾಡಿನಲ್ಲಿ ಪರದೇಶಿಗಳೇ. ಇನ್ನೊಂದು ವರ್ಗಾವಣೆಯ ಆದೇಶ ಬಂದರೆ ಗಂಟುಮೂಟೆ ಕಟ್ಟುವವರು. ಹೋಗುವಾಗ ನಮ್ಮ ಜೊತೆಗೆ ಬರುವುದು ಆ ಊಟದ ಮೇಜು: ಒಬ್ಬನೇ ಅರಸನನ್ನು ಮೂರು ಕಡೆಗೆ ಕಳುಹಿಸಿ, ಮೂವರೂ ಒಂದೇ ಪಾತ್ರೆಯ ಸಾರನ್ನು ಬಡಿಸಿಕೊಂಡ ಮೇಜು.